ಆಯಿಲ್ ತಿನ್ನದ ಟ್ರ್ಯಾಕ್ಟರ್: ದಾವಣಗೆರೆಯ ಒಂದು ಪಂಪ್ ಅಂಗಡಿಯ ಕೆಲಸದ ಬಗ್ಗೆ

ಕಳೆದ ಮುಂಗಾರಿನಿಂದ ಈ ಸಲದ ಬೇಸಿಗೆ ನಾಟಿಯವರೆಗೆ ನಮ್ಮ ಟ್ರ್ಯಾಕ್ಟರ್ ಒಂದು ತೊಟ್ಟು ಎಂಜಿನ್ ಆಯಿಲನ್ನೂ ತಿನ್ನಲಿಲ್ಲ. ಗಾಡಿಗೆ 12 ವರ್ಷವಾಗಿದೆ. ಮೂರು ಸಿಲಿಂಡರ್, 50 ಎಚ್.ಪಿ.ಗಿಂತ ಕಡಿಮೆ, ಡೀಸೆಲ್ಲನ್ನು ಅಳೆದು ಸಿಲಿಂಡರುಗಳಿಗೆ ಹಂಚುವ ಪಂಪು ರೋಟರಿ ಜಾತಿಯದು. ಇಷ್ಟು ಹಳೆಯ ಎಂಜಿನ್ನಿನಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದಾಗಲೆಲ್ಲ ಆಯಿಲ್ ಮೇಲಿನ ಗೆರೆಯಲ್ಲೇ ನಿಂತಿರುವುದನ್ನು ಕಂಡು ನಾನು ಊರಿನ ನಾಲ್ಕು ಜನರ ಮುಂದೆ ಹೆಮ್ಮೆಪಟ್ಟುಕೊಂಡದ್ದೂ ಉಂಟು. ಎಂಜಿನ್ ಸುಟ್ಟಷ್ಟು ಆಯಿಲಿನ ಜಾಗವನ್ನು ಡೀಸೆಲ್ ಬಂದು ತುಂಬುತ್ತಿತ್ತೆಂಬುದೂ, ಅದಕ್ಕಾಗಿಯೇ ಮಟ್ಟ ಇಳಿಯದೆ ನಿಂತಿತ್ತೆಂಬುದೂ ಜನವರಿಯಲ್ಲಿ ಕೆಸರುಗದ್ದೆಗೆ ರೋಟವೇಟರ್ ಇಳಿಸಿದ ಮೇಲಷ್ಟೇ ತಿಳಿಯಿತು. ಆ ವಾರ ಮಟ್ಟವು ಮೇಲಿನ ಗೆರೆಯನ್ನು ದಾಟಿ ಸುಮಾರು ಮೂರು ನೂಲು (ನೂಲೆಂದರೆ ಇಂಚಿನ ಎಂಟನೆಯ ಒಂದು ಪಾಲು) ಏರಿತ್ತು. ಡಿಪ್‌ಸ್ಟಿಕ್ಕಿನ ತುದಿಯಿಂದ ಆಯಿಲ್ ನೀರಿನಂತೆ ಉದುರಿತು. ಮೂಗಿಗೆ ಹಿಡಿದರೆ ಬಂಕಿನ ವಾಸನೆ.

ಆ ದೋಷವನ್ನು ಕೊನೆಗೂ ಹುಡುಕಿ ಸರಿಪಡಿಸಿಕೊಟ್ಟದ್ದು ದಾವಣಗೆರೆಯ ಒಂದು ಸಣ್ಣ ಡೀಸೆಲ್ ಪಂಪ್ ಅಂಗಡಿ. ಅವರ ಕೆಲಸ ಹೇಗಿತ್ತು, ಎಲ್ಲಿ ಮೆಚ್ಚಿಕೆಯಾಯಿತು, ಎಲ್ಲಿ ಬೇಸರವಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಹಾಕಬಾರದೆಂದು ಮೇಸ್ತ್ರಿಗಳೇ ಕೇಳಿಕೊಂಡಿದ್ದಾರೆ. ನಾನು ಹೋದ ದಿನ ಕಟ್ಟೆಯ ಮೇಲೆ 11 ಪಂಪುಗಳು ಸರದಿಯಲ್ಲಿ ಕುಳಿತಿದ್ದವು, ಕೆಲಸ ಮಾಡುವವರು ಇಬ್ಬರೇ. ಅವರ ಕೋರಿಕೆಯಲ್ಲಿ ನ್ಯಾಯವಿದೆ. ಆದ್ದರಿಂದ ಈ ಬರಹವನ್ನು ಒಂದು ಅಂಗಡಿಯ ವಿಳಾಸವೆಂದು ಓದದೆ, ಇಂಥ ಕೆಲಸವನ್ನು ಮಾಡಿಸುವಾಗ ಯಾವ ಅಂಗಡಿಯಿಂದಲೂ ಏನನ್ನು ನಿರೀಕ್ಷಿಸಬಹುದು ಎಂಬುದರ ಲೆಕ್ಕವೆಂದು ಓದಿಕೊಳ್ಳಬಹುದು.

ಮೊದಲು ನಮ್ಮ ಹತ್ತಿರದ ಪೇಟೆಯ ಗ್ಯಾರೇಜಿನಲ್ಲಿ ಆದದ್ದನ್ನು ಹೇಳಿ ಮುಗಿಸುತ್ತೇನೆ. ಅಲ್ಲಿನವರು ಆಯಿಲನ್ನು ಬೆರಳಿಗೆ ಹಚ್ಚಿ ನೋಡಿ, ಪಿಸ್ಟನ್ನಿನ ರಿಂಗು ಸವೆದು ಡೀಸೆಲ್ ಕೆಳಗೆ ಇಳಿಯುತ್ತಿದೆ, ಎಂಜಿನ್ ಬಿಚ್ಚಿ ರಿಂಗ್, ಪಿಸ್ಟನ್, ಲೈನರ್ ಬದಲಿಸಬೇಕು, 45,000 ರೂಪಾಯಿಯಾಗುತ್ತದೆ ಎಂದರು. ನಾನು ಹಿಂಜರಿದಾಗ, ಹಾಗಿದ್ದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪನ್ನೂ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂರು ನಾಜಲುಗಳನ್ನೂ ಬದಲಿಸಿ ನೋಡೋಣವೆಂದು ಹೇಳಿ 7,400 ರೂಪಾಯಿ ಪಡೆದರು. ಅವರ ಊಹೆ ಪೂರ್ತಿ ಹುರುಳಿಲ್ಲದ್ದೆಂದು ಹೇಳಲಾರೆ, ಏಕೆಂದರೆ ಡೀಸೆಲ್ ಆಯಿಲಿಗೆ ಸೇರುವ ಹಾದಿಗಳಲ್ಲಿ ಆ ಮೂರೂ ಇವೆ. ಎಂಜಿನ್ ಬ್ಲಾಕಿಗೆ ಕೂರಿಸಿದ ಫೀಡ್ ಪಂಪಿನ ಡಯಾಫ್ರಂ ಎಂಬ ಪೊರೆ ಹರಿದರೆ ಡೀಸೆಲ್ ನೇರವಾಗಿ ಚೇಂಬರಿಗೆ, ಎಂದರೆ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಗೆ, ಬೀಳುತ್ತದೆ. ನಾಜಲ್ ಸರಿಯಾಗಿ ಮುಚ್ಚದೆ ತೊಟ್ಟಿಕ್ಕಿದರೆ ಸುಡದೆ ಉಳಿದ ಡೀಸೆಲ್ ಲೈನರಿನ ಗೋಡೆಯನ್ನು ತೊಳೆದುಕೊಂಡು ರಿಂಗುಗಳ ಸಂದಿಯಿಂದ ಕೆಳಗಿಳಿಯುತ್ತದೆ. ಅವರ ತಪ್ಪು ಇದ್ದದ್ದು ಅಳೆಯದೆ ಬದಲಿಸಿದ್ದರಲ್ಲಿ. 40 ತಾಸು ಓಡಿದ ಮೇಲೆ ಮಟ್ಟ ಮತ್ತೆ ಏರಿತ್ತು.

ದಾವಣಗೆರೆಯ ಮೇಸ್ತ್ರಿಗಳಿಗೆ ನಾನು ಮೊದಲು ಮಾಡಿದ್ದು ಫೋನು. ಪಂಪ್ ಬಿಚ್ಚಿಸಿಕೊಂಡು ಬಸ್ಸಿನಲ್ಲಿ ತರಲೇ ಎಂದು ಕೇಳಿದೆ. "ಗಾಡಿ ಅಲ್ಲಿ ಬಿಟ್ಟು ಪಂಪ್ ಒಂದನ್ನೇ ತಂದ್ರೆ ನಾನು ಏನಂತ ನೋಡ್ಲಿ ಯಜಮಾನ್ರೆ?" ಎಂದು ಅವರು ಮರುಪ್ರಶ್ನೆ ಹಾಕಿದರು. ಹಾಗೆಂದು ತೆಳುವಾದ ಆಯಿಲಿನಲ್ಲೇ 28 ಕಿಲೋಮೀಟರ್ ಓಡಿಸಿಕೊಂಡು ಬರಲೂ ಬಿಡಲಿಲ್ಲ. ಇರುವ ಆಯಿಲನ್ನೆಲ್ಲ ಇಳಿಸಿ ಅಳತೆ ಮಾಡಿ ಒಂದು ಕ್ಯಾನಿನಲ್ಲಿ ತರಬೇಕು, ಹೊಸ ಆಯಿಲನ್ನು ಅಳೆದು ಹಾಕಬೇಕು, ಹಿಂದಿನ ಸಲ ಆಯಿಲ್ ಬದಲಿಸಿದಾಗಿನ ಮತ್ತು ಈಗಿನ ಮೀಟರ್ ತಾಸುಗಳನ್ನು ಚೀಟಿಯಲ್ಲಿ ಬರೆದುಕೊಂಡು ಬರಬೇಕು ಎಂದು ಹೇಳಿದರು. ಹೊಸ ಆಯಿಲಿಗೆ ದುಡ್ಡು ದಂಡವಾಗುವುದಿಲ್ಲವೇ ಎಂದೆ. ಬೇರಿಂಗಿಗಿಂತ ಆಯಿಲ್ ಅಗ್ಗ ಎಂದರು. ಈ ಮಾತಿಗೆ ಕಾರಣವಿದೆ. 15ಡಬ್ಲ್ಯು-40 ದರ್ಜೆಯ ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕನಿಷ್ಠ 12.5 ಸೆಂಟಿಸ್ಟೋಕ್‌ನಷ್ಟು ಜಿಗುಟಾಗಿರಬೇಕು. ಡೀಸೆಲ್ಲಾದರೋ 40 ಡಿಗ್ರಿಯಲ್ಲೇ 2ರಿಂದ 4.5ರೊಳಗೆ ಇರುತ್ತದೆ. ಒಂದನ್ನು ಇನ್ನೊಂದಕ್ಕೆ ಬೆರೆಸಿದಷ್ಟೂ ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ನಿಲ್ಲಬೇಕಾದ ಪೊರೆ ತೆಳ್ಳಗಾಗುತ್ತ ಬರುತ್ತದೆ. ನೀರು ಸೇರಿದ್ದರೆ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿ ಕಣ್ಣಿಗೆ ಬೀಳುತ್ತದೆ. ಡೀಸೆಲ್ ಆಯಿಲಿನಲ್ಲಿ ಪೂರ್ತಿ ಕರಗಿಹೋಗುವುದರಿಂದ, ಮೊದಲೇ ಕಪ್ಪಾಗಿರುವ ಆಯಿಲಿನಲ್ಲಿ ಬಣ್ಣದ ಸುಳಿವು ಸಿಗುವುದಿಲ್ಲ.

ಅಂಗಡಿಯಲ್ಲಿ ಮೊದಲ ಅರ್ಧ ಗಂಟೆ ಯಾರೂ ಸ್ಪ್ಯಾನರ್ ಮುಟ್ಟಲಿಲ್ಲ. ನಾನು ಒಯ್ದ ಕ್ಯಾನಿನಿಂದ ಒಂದು ಹನಿಯನ್ನೂ ಹೊಸ ಆಯಿಲಿನ ಒಂದು ಹನಿಯನ್ನೂ ಓರೆಯಾಗಿ ಇಟ್ಟ ಗಾಜಿನ ಮೇಲೆ ಅಕ್ಕಪಕ್ಕದಲ್ಲಿ ಬಿಟ್ಟು ಓಟ ನೋಡಿದರು. ನನ್ನದು ಗಾಜಿನ ಅಂಚು ಮುಟ್ಟಿದಾಗ ಹೊಸದು ಅರ್ಧ ದಾರಿಯಲ್ಲಿತ್ತು. ಒಂದು ಹನಿಯನ್ನು ಒತ್ತುಕಾಗದದ ಮೇಲೆ ಇಟ್ಟರು. ನಡುವಿನ ಕಪ್ಪು ಮಚ್ಚೆಯ ಸುತ್ತ ಎಣ್ಣೆ ಬಣ್ಣದ ತೆಳು ಉಂಗುರವೊಂದು ಅಗಲವಾಗಿ ಹರಡಿಕೊಂಡಿತು. ಈ ಎರಡೂ ಪರೀಕ್ಷೆಗಳು ಡೀಸೆಲ್ ಇದೆಯೆಂದು ಹೇಳುತ್ತವೆಯೇ ಹೊರತು ಎಷ್ಟಿದೆಯೆಂದಾಗಲಿ ಎಲ್ಲಿಂದ ಬಂತೆಂದಾಗಲಿ ಹೇಳುವುದಿಲ್ಲ. ಎಷ್ಟೆಂಬುದನ್ನು ನಿಖರವಾಗಿ ತಿಳಿಯಬೇಕಾದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಮೇಸ್ತ್ರಿಗಳು ಅದರ ಗೊಡವೆಗೆ ಹೋಗದೆ ನನ್ನ ಚೀಟಿಯನ್ನು ಕೇಳಿದರು.

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಐದು ನಿಮಿಷ. ಮೊದಲ ಸಲ 8 ಲೀಟರ್ ಹಾಕಿ, 62 ತಾಸು ಓಡಿಸಿ, 9.25 ಲೀಟರ್ ಇಳಿಸಿದ್ದೆ. ಎರಡನೆಯ ಸಲ, ಎಂದರೆ ಫೀಡ್ ಪಂಪೂ ನಾಜಲುಗಳೂ ಹೊಸದಾದ ಮೇಲೆ, 8 ಲೀಟರ್ ಹಾಕಿ 40 ತಾಸಿಗೆ 8.8 ಲೀಟರ್ ಇಳಿಸಿದ್ದೆ. ಮೇಸ್ತ್ರಿಗಳು ಹಳೆಯ ಬಿಲ್ಲಿನ ಬೆನ್ನಿಗೆ ಭಾಗಾಕಾರ ಮಾಡಿದರು. ಮೊದಲನೆಯದು ತಾಸಿಗೆ 20 ಮಿಲಿಲೀಟರ್. ಎರಡನೆಯದೂ ತಾಸಿಗೆ 20 ಮಿಲಿಲೀಟರ್. ಸೋರುವಿಕೆಯ ವೇಗ ಕೂದಲೆಳೆಯಷ್ಟೂ ಬದಲಾಗಿಲ್ಲವೆಂದ ಮೇಲೆ ಬದಲಿಸಿದ ಭಾಗಗಳಲ್ಲಿ ಯಾವುದೂ ಸೋರುತ್ತಿರಲಿಲ್ಲ ಎಂದರ್ಥ. 7,400 ರೂಪಾಯಿಯ ಪ್ರಯೋಗದಿಂದ ಹೊರಡಬೇಕಾಗಿದ್ದ ತೀರ್ಮಾನ ಅದೇ. ಪ್ರಯೋಗ ಮಾಡಿದವರು ಮಾತ್ರ ಅದನ್ನು ತೆಗೆದಿರಲಿಲ್ಲ. ಆ 102 ತಾಸುಗಳಲ್ಲಿ ರಸ್ತೆಯ ಓಡಾಟವೆಷ್ಟು, ರೋಟವೇಟರ್ ಎಷ್ಟು ಎಂದೂ ಕೇಳಿದರು. ಬಹುಪಾಲು ರೋಟವೇಟರ್ ಎಂದೆ. ಅದನ್ನೂ ಬರೆದುಕೊಂಡರು, ಏಕೆಂಬುದು ಮರುದಿನ ತಿಳಿಯಿತು.

ಡಿಪ್‌ಸ್ಟಿಕ್ಕಿನ ಬಗ್ಗೆ ಅವರು ಹೇಳಿದ ಇನ್ನೊಂದು ಮಾತನ್ನು ಇಲ್ಲೇ ಸೇರಿಸುತ್ತೇನೆ. ಇಂಥ ಸೋರುವಿಕೆಯನ್ನು ಒಂದು ದಿನ ಓಡಿಸಿ ಡಿಪ್‌ಸ್ಟಿಕ್ಕಿನಲ್ಲಿ ಹಿಡಿಯಲಾಗದು. ನಮ್ಮ ಚೇಂಬರ್ ಅಗಲವಾದದ್ದು. ಎಂಟು ತಾಸಿನ ಕೆಲಸಕ್ಕೆ 160 ಮಿಲಿಲೀಟರ್ ಸೇರಿದರೆ ಮಟ್ಟ ಏರುವುದು ಒಂದು ಮಿಲಿಮೀಟರಿನ ಆಸುಪಾಸು. ಗಾಡಿ ಸ್ವಲ್ಪ ಓರೆಯಾಗಿ ನಿಂತಿದ್ದರೂ ಅದು ಮುಚ್ಚಿಹೋಗುತ್ತದೆ. ವಾರಗಟ್ಟಲೆ ಒಂದೇ ಸಮತಟ್ಟಾದ ಜಾಗದಲ್ಲಿ, ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ನೋಡಿ ಬರೆದಿಟ್ಟುಕೊಂಡ ಮಟ್ಟ ಮಾತ್ರ ಮಾತಾಡುತ್ತದೆ.

ಲೆಕ್ಕ ಏನೇ ಹೇಳಿದರೂ ಅವರು ಹೊಸ ಭಾಗಗಳನ್ನು ನಂಬಿ ಬಿಡಲಿಲ್ಲ. ಫೀಡ್ ಪಂಪನ್ನು ಕಳಚಿ, ಒಂದು ಬಾಯಿಗೆ ಬಿರಡೆ ಹಾಕಿ, ಇನ್ನೊಂದಕ್ಕೆ ಸಣ್ಣ ಒತ್ತಡದ ಗಾಳಿ ಕೊಟ್ಟು ಡೀಸೆಲ್ ತುಂಬಿದ ತಟ್ಟೆಯಲ್ಲಿ ಮುಳುಗಿಸಿದರು. ಲಿವರಿನ ಕಡೆಯಿಂದ ಒಂದು ಗುಳ್ಳೆಯೂ ಏಳಲಿಲ್ಲ. ಮೂರು ನಾಜಲುಗಳನ್ನು ಕೈಪಂಪಿನ ಟೆಸ್ಟರಿಗೆ ಕಟ್ಟಿ, ತೆರೆದುಕೊಳ್ಳುವ ಒತ್ತಡಕ್ಕಿಂತ 20 ಬಾರ್ ಕಡಿಮೆಯಲ್ಲಿ 10 ಸೆಕೆಂಡು ಹಿಡಿದು ತುದಿ ಒಣಗಿರುತ್ತದೆಯೇ ಎಂದು ನೋಡಿದರು. ಮೂರೂ ಒಣಗಿಯೇ ಇದ್ದವು. ಆದರೆ ಒಂದು ನಾಜಲ್ ಉಳಿದೆರಡಕ್ಕಿಂತ 15 ಬಾರ್ ಮೊದಲೇ ತೆರೆದುಕೊಳ್ಳುತ್ತಿತ್ತು. ಪೇಟೆಯ ಗ್ಯಾರೇಜಿನವರು ಹೊಸ ನಾಜಲ್ ಹಾಕಿ ಒತ್ತಡ ಹೊಂದಿಸದೆ ಹಾಗೆಯೇ ಕೂರಿಸಿದ್ದರು. ಅದು ನಮ್ಮ ರೋಗಕ್ಕೆ ಕಾರಣವಲ್ಲ, ಆದರೂ ಒಳಗಿನ ತೆಳು ಬಿಲ್ಲೆ ಬದಲಿಸಿ ಸರಿಮಾಡಿಕೊಟ್ಟರು. ನಾಜಲುಗಳಿಂದ ಹೆಚ್ಚುವರಿ ಡೀಸೆಲ್ ಮರಳುವ ಕೊಳವೆಗಳು ನಮ್ಮ ಎಂಜಿನ್ನಿನಲ್ಲಿ ಹೊರಗಡೆಯೇ ಇವೆ, ಆದ್ದರಿಂದ ಅವು ಸೋರಿದರೂ ಹೊರಗೇ ಸೋರುತ್ತವೆ. ಆ ಕೊಳವೆಗಳು ವಾಲ್ವ್ ಕವರಿನ ಒಳಗೇ ಹಾದುಹೋಗುವ ಎಂಜಿನ್ನುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಅವುಗಳನ್ನೇ.

ಉಳಿದದ್ದು ಪಂಪ್. ರೋಟರಿ ಪಂಪಿನ ಶಾಫ್ಟು ಟೈಮಿಂಗ್ ಕವರಿನೊಳಗೆ ಚಾಚಿಕೊಂಡು ಗೇರಿಗೆ ಸೇರಿರುತ್ತದೆ. ಆ ಕವರಿನ ಒಳಗೆ ಬಿದ್ದದ್ದೆಲ್ಲ ಚೇಂಬರಿಗೆ ಇಳಿಯುತ್ತದೆ. ಪಂಪಿನ ಹೊಟ್ಟೆಯ ಡೀಸೆಲ್ಲನ್ನೂ ಕವರಿನ ಆಯಿಲನ್ನೂ ಬೇರೆಬೇರೆಯಾಗಿ ಇಡುವುದು ಶಾಫ್ಟಿನ ಸುತ್ತ ಕೂತಿರುವ ಒಂದು ರಬ್ಬರ್ ಸೀಲ್, ಬೆಲೆಯಲ್ಲಿ ಇಡೀ ಪಂಪಿನ ಅತ್ಯಂತ ಅಗ್ಗದ ಭಾಗಗಳಲ್ಲೊಂದು. ಮೇಸ್ತ್ರಿಗಳು ತಪಾಸಣೆಯ ಸಣ್ಣ ಮುಚ್ಚಳ ತೆಗೆದು, ಒಳಭಾಗವನ್ನು ಒರೆಸಿ, ಗಾಳಿ ಹೊಡೆದು ಒಣಗಿಸಿ, ಶಾಫ್ಟಿನ ಸುತ್ತ ಸೀಮೆಸುಣ್ಣದ ಪುಡಿ ಉದುರಿಸಿದರು. ಡೀಸೆಲ್ ಕ್ಯಾನನ್ನು ಜಂತಿಗೆ ಎತ್ತಿ ಕಟ್ಟಿ ಅಲ್ಲಿಂದ ಪಂಪಿಗೆ ಕೊಳವೆ ಕೊಟ್ಟರು. ಇಪ್ಪತ್ತು ನಿಮಿಷ ಕಾದರೂ ಪುಡಿ ಒಣಗಿಯೇ ಇತ್ತು. ನನಗೆ ಎದೆ ಕುಸಿದಂತಾಯಿತು. ಪಂಪೂ ಅಲ್ಲವೆಂದಾದರೆ ಮತ್ತೆ 45,000 ರೂಪಾಯಿಯ ಮಾತಿಗೇ ಹೋಗಬೇಕಲ್ಲ. ಅವರು ಟಾರ್ಚ್ ಹಿಡಿದು ಒಳಗೆ ತೋರಿಸಿದರು. ಕವರಿನ ಒಳಗೋಡೆಗೆಲ್ಲ ವರ್ಷಗಳ ಕಂದು ಲೇಪ ಹತ್ತಿತ್ತು. ಪಂಪಿನ ಫ್ಲ್ಯಾಂಜಿನ ಕೆಳಗೆ ಮಾತ್ರ ಎರಡು ಬೆರಳಗಲದ ಪಟ್ಟಿಯೊಂದು ಈಗಷ್ಟೇ ತೊಳೆದಿಟ್ಟ ಪಾತ್ರೆಯಂತೆ ಬೆಳ್ಳಗಿತ್ತು. ಆಯಿಲ್ ಎಲ್ಲೂ ಲೋಹವನ್ನು ಹಾಗೆ ತೊಳೆಯುವುದಿಲ್ಲ. ಅಲ್ಲಿ ತಿಂಗಳುಗಟ್ಟಲೆ ಡೀಸೆಲ್ ಹರಿದಿತ್ತು.

ಮರುದಿನ ಪಂಪನ್ನು ಇಳಿಸಿ, ಅದನ್ನು ತಿರುಗಿಸಿ ಅಳೆಯುವ ಟೆಸ್ಟ್ ಬೆಂಚಿಗೆ ಏರಿಸಿದರು. ಈ ಭಾಗದಲ್ಲಿ ಎಲ್ಲ ಡೀಸೆಲ್ ಪಂಪಿಗೂ ಇಂದಿಗೂ ಮೈಕೋ ಪಂಪ್ ಎಂದೇ ಹೆಸರು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಗಿ ಹೆಸರು ಬದಲಿಸಿಕೊಂಡರೂ ನಮ್ಮ ಮೇಸ್ತ್ರಿಗಳ ಬಾಯಲ್ಲಿ ಹೆಸರು ಬದಲಾಗಿಲ್ಲ, ನನ್ನ ಬಾಯಲ್ಲೂ ಇಲ್ಲ. ಬೆಂಚು ಹಳೆಯದು, ಬಣ್ಣ ಉದುರಿದೆ, ಆದರೆ ಅಳತೆಯ ಗಾಜುಗಳು ಕನ್ನಡಕದಂತೆ ಹೊಳೆಯುತ್ತಿದ್ದವು. ಪಂಪನ್ನು ನಿಧಾನವಾಗಿ ತಿರುಗಿಸಿದಾಗ ಶಾಫ್ಟು ಒಣಗಿತ್ತು. ವೇಗ ಏರಿಸುತ್ತ ಹೋಗಿ ನಿಮಿಷಕ್ಕೆ 900 ಸುತ್ತು ತಲುಪಿದಾಗ ಹನಿ ಕಾಣಿಸಿಕೊಂಡಿತು. ಪಂಪು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. 900 ಎಂದರೆ ಎಂಜಿನ್ 1,800ರಲ್ಲಿರುವಾಗ, ರೋಟವೇಟರ್ ಕೆಲಸ ಮಾಡುವ ವೇಗ. ಈ ಮಾದರಿಯ ಪಂಪಿನಲ್ಲಿ ಒಳಗಿನ ಸಣ್ಣ ವೇನ್ ಪಂಪು ಹೊಟ್ಟೆಯ ತುಂಬ ಡೀಸೆಲ್ಲನ್ನು ಒತ್ತಡದಲ್ಲಿ ಇಟ್ಟಿರುತ್ತದೆ, ಮತ್ತು ವೇಗ ಹೆಚ್ಚಿದಷ್ಟೂ ಆ ಒತ್ತಡ ಹೆಚ್ಚುತ್ತದೆ. ನಿಂತ ಪಂಪಿಗೆ ಜಂತಿಯಿಂದ ಕೊಟ್ಟ ಒತ್ತಡ ಅದರ ಮುಂದೆ ಏನೇನೂ ಅಲ್ಲ. ಹಿಂದಿನ ದಿನದ ಸೀಮೆಸುಣ್ಣ ಒಣಗಿದ್ದದ್ದಕ್ಕೂ, ರಸ್ತೆಯ ತಾಸೋ ರೋಟವೇಟರ್ ತಾಸೋ ಎಂದು ಅವರು ಕೇಳಿದ್ದಕ್ಕೂ ಉತ್ತರ ಅಲ್ಲಿತ್ತು. ಹನಿಯನ್ನು ಅಳತೆಯ ಗಾಜಿಗೆ ಹಿಡಿದು ಹತ್ತು ನಿಮಿಷ ಬಿಟ್ಟರು: 3.5 ಮಿಲಿಲೀಟರ್. ತಾಸಿಗೆ 21. ಬಿಲ್ಲಿನ ಬೆನ್ನಿನ ಮೇಲಿದ್ದ 20ರ ಪಕ್ಕದಲ್ಲಿ ಅದನ್ನು ಬರೆದು ನನ್ನ ಕಡೆಗೆ ತಳ್ಳಿದರು, ಮಾತಾಡಲಿಲ್ಲ.

ಸೀಲ್ ಒಂದನ್ನೇ ಬದಲಿಸಿದ್ದರೆ ಕೆಲಸ ಅಂದೇ ಮುಗಿಯುತ್ತಿತ್ತು, ಬಹುಶಃ ಆರು ತಿಂಗಳಿಗೆ ಮತ್ತೆ ಶುರುವಾಗುತ್ತಿತ್ತು. ಮೇಸ್ತ್ರಿಗಳು ಶಾಫ್ಟಿಗೆ ಡಯಲ್ ಗೇಜ್ ಹಚ್ಚಿ ಅಲುಗಿಸಿ ತೋರಿಸಿದರು. ಶಾಫ್ಟನ್ನು ಹಿಡಿದಿಡುವ ಬುಷ್ ಸವೆದಿತ್ತು. ಶಾಫ್ಟು ತಿರುಗುವಾಗ ಓಲಾಡಿ ಸೀಲಿನ ತುಟಿಯನ್ನು ಒಂದೇ ಕಡೆಗೆ ತಿಂದಿತ್ತು. ಸೀಲ್ ಉಜ್ಜುವ ಜಾಗದಲ್ಲಿ ಶಾಫ್ಟಿನ ಮೇಲೂ ಉಗುರಿಗೆ ತಾಗುವಷ್ಟು ಗೆರೆ ಬಿದ್ದಿತ್ತು. ಬುಷ್ ಬೆಂಗಳೂರಿನಿಂದ ಬರಬೇಕು, ಎರಡು ದಿನ ಬೇಕು, ಶಾಫ್ಟನ್ನೂ ಬದಲಿಸುವುದು ಒಳ್ಳೆಯದು ಎಂದರು. ಶಾಫ್ಟಿನ ಬೆಲೆ ಕೇಳಿ ನಾನು ಹಿಂದೆ ಸರಿದೆ. ಕೊನೆಗೆ ಹೊಸ ಸೀಲಿನ ತುಟಿ ಹಳೆಯ ಗೆರೆಯ ಮೇಲೆ ಕೂರದಂತೆ ತುಸು ಸರಿಸಿ ಕೂರಿಸುವುದೆಂದಾಯಿತು. ಇದು ಸರಿಯಾದ ದಾರಿಯಲ್ಲ, ನಡೆಯುವ ದಾರಿ ಎಂದು ಅವರು ಮೊದಲೇ ಹೇಳಿದ್ದನ್ನು ಇಲ್ಲಿ ದಾಖಲಿಸಬೇಕು.

ಹಳೆಯ ಸೀಲ್ ಕಲ್ಲಿನಂತೆ ಗಟ್ಟಿಯಾಗಿತ್ತು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್-6 (ಭಾರತ್ ಸ್ಟೇಜ್-6 ಹೊಗೆ ನಿಯಮದ) ಡೀಸೆಲ್ ಬಂದು ಅದರಲ್ಲಿನ ಗಂಧಕದ ಮಿತಿ ದಶಲಕ್ಷದಲ್ಲಿ 50 ಭಾಗದಿಂದ 10ಕ್ಕೆ ಇಳಿದ ಮೇಲೆ ಹಳೆಯ ಪಂಪುಗಳ ಸೀಲುಗಳು ಹೆಚ್ಚು ಸೋರುತ್ತಿವೆ ಎಂಬುದು ಮೇಸ್ತ್ರಿಗಳ ಅನುಭವ. ಇದರಲ್ಲಿ ತರ್ಕವಿದೆ: ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ರಬ್ಬರನ್ನು ಉಬ್ಬಿಸಿ ಬಿಗಿಯಾಗಿಡುವ ಆರೊಮ್ಯಾಟಿಕ್ ಅಂಶಗಳೂ ಕಡಿಮೆಯಾಗುತ್ತವೆ, ವರ್ಷಗಟ್ಟಲೆ ಹಳೆಯ ಡೀಸೆಲ್ಲಿನಲ್ಲಿ ನೆನೆದಿದ್ದ ನೈಟ್ರೈಲ್ ರಬ್ಬರ್ ಆಗ ಕುಗ್ಗುತ್ತದೆ. ನಮ್ಮ ಪಂಪಿನಲ್ಲಿ ಬುಷ್ ಸವೆತವೇ ಸಾಕಷ್ಟು ದೊಡ್ಡ ಕಾರಣವಾಗಿದ್ದರಿಂದ ಡೀಸೆಲ್ಲಿನ ಮೇಲೆ ಎಷ್ಟು ಪಾಲು ಹೊರಿಸಬೇಕೋ ನಾನು ಹೇಳಲಾರೆ. ಹೊಸದಾಗಿ ಹಾಕಿದ್ದು ಕಂದು ಬಣ್ಣದ, ವೈಟಾನ್ ಎಂಬ ರಬ್ಬರ್ ಜಾತಿಯ ಸೀಲ್. ಪೊಟ್ಟಣ ಒಡೆಯುವ ಮೊದಲು ಕೈಗೆ ಕೊಟ್ಟು ತೋರಿಸಿದರು, ಹಳೆಯ ಭಾಗಗಳನ್ನೆಲ್ಲ ಚೀಲದಲ್ಲಿ ಹಾಕಿ ಮರಳಿಸಿದರು.

ಇನ್ನು ಬೇಸರದ ಸಂಗತಿಗಳು. ಎರಡು ದಿನವೆಂದದ್ದು ಐದು ದಿನವಾಯಿತು, ನಾಟಿ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಗದ್ದೆಗೆ ಬಾಡಿಗೆ ಗಾಡಿ ತರಿಸಬೇಕಾಯಿತು. ಆ ಐದು ದಿನಗಳಲ್ಲಿ ಅವರು ತಾವಾಗಿ ಒಂದು ಸಲವೂ ಫೋನ್ ಮಾಡಲಿಲ್ಲ, ನಾನು ಮಾಡಿದ ಫೋನುಗಳಲ್ಲಿ ಅರ್ಧಕ್ಕೆ ಉತ್ತರವಿರಲಿಲ್ಲ. ಪಂಪನ್ನು ಮರಳಿ ಕೂರಿಸುವಾಗ ಟೈಮಿಂಗನ್ನು, ಎಂದರೆ ಡೀಸೆಲ್ ಚಿಮ್ಮುವ ಹೊತ್ತನ್ನು, ಹಳೆಯ ಗುರುತಿನ ಮೇಲಷ್ಟೇ ನಿಲ್ಲಿಸಿದ್ದರಿಂದ ಮೊದಲ ದಿನ ಎಂಜಿನ್ ಬಿಳಿ ಹೊಗೆ ಬಿಟ್ಟಿತು, ಲೋಡ್ ಮೇಲೆ ಕುಗ್ಗಿತು. ಮರುದಿನ ಮತ್ತೆ ಹೋಗಿ ಸರಿಮಾಡಿಸಿಕೊಳ್ಳಬೇಕಾಯಿತು. ಅದಕ್ಕೆ ಹಣ ಕೇಳಲಿಲ್ಲ, ಆದರೆ 56 ಕಿಲೋಮೀಟರಿನ ಡೀಸೆಲ್ ನನ್ನದೇ. ಬೆಂಚಿನ ಮೇಲೆ ಪ್ರತಿ ಲೈನಿನಿಂದ ಎಷ್ಟು ಡೀಸೆಲ್ ಬಂತೆಂಬ ಪಟ್ಟಿಯನ್ನು ಎರಡು ಸಲ ಕೇಳಿದ ಮೇಲೆ ಬರೆದುಕೊಟ್ಟರು. ಬಿಲ್ ಚೀಟಿಯ ಮೇಲಿತ್ತು. ಸರಿಯಾದ ಬಿಲ್ಲಿಗೆ ಒತ್ತಾಯಿಸಬೇಕಾಯಿತು. ಗ್ಯಾರಂಟಿ ಆರು ತಿಂಗಳು, ಬಾಯಿಮಾತಿನದು. ಕೂರಲು ಒಂದು ಮುರುಕು ಬೆಂಚು ಬಿಟ್ಟರೆ ಏನೂ ಇಲ್ಲ, ಕುಡಿಯುವ ನೀರಿಗೂ ಪಕ್ಕದ ಟೀ ಅಂಗಡಿಯೇ ಗತಿ.

ಖರ್ಚಿನ ಲೆಕ್ಕ ಹೀಗಾಯಿತು: ಬುಷ್, ಸೀಲ್ ಕಿಟ್ ಮತ್ತು ಬೆಂಚಿನ ಕ್ಯಾಲಿಬ್ರೇಷನ್ ಸೇರಿ 6,200 ರೂಪಾಯಿ, ಪಂಪ್ ಇಳಿಸಿ ಏರಿಸಿದ್ದಕ್ಕೆ 1,500, ನಾಜಲ್ ಪರೀಕ್ಷೆಗೆ 300, ಒಟ್ಟು 8,000. ಪೇಟೆಯಲ್ಲಿ ಊಹೆಗೆ ಕೊಟ್ಟದ್ದಕ್ಕಿಂತ 600 ರೂಪಾಯಿ ಹೆಚ್ಚು. ಇದರ ಮೇಲೆ ಆಯಿಲ್ ಮತ್ತು ಫಿಲ್ಟರ್ ಖರ್ಚು ಬೇರೆ. ಪಂಪ್ ಕೂರಿಸಿದ ಮೇಲೆ ಚೇಂಬರಿನ ಆಯಿಲನ್ನು ಮತ್ತೊಮ್ಮೆ ಪೂರ್ತಿ ಬದಲಿಸಲೇಬೇಕು. ಬಿಸಿಗೆ ಡೀಸೆಲ್ ಹಾರಿಹೋಗುತ್ತದೆ, ಇರುವುದನ್ನೇ ಓಡಿಸಿ ಎಂದು ಹೇಳುವವರಿದ್ದಾರೆ. ಡೀಸೆಲ್ಲಿನ ಹಗುರವಾದ ಭಾಗ ಅಷ್ಟಿಷ್ಟು ಹಾರಬಹುದು, ಭಾರವಾದ ಭಾಗ ಆಯಿಲಿನಲ್ಲೇ ಉಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮುಳ್ಳಿನ ಗೇಜ್ ಕಟ್ಟಿ ಆಯಿಲ್ ಒತ್ತಡ ನೋಡಿದರು. ಐಡಲಿನಲ್ಲೂ ಮುಳ್ಳು ಗಟ್ಟಿಯಾಗಿ ನಿಂತಿದ್ದರಿಂದ ಚೇಂಬರ್ ಬಿಚ್ಚಿ ಬೇರಿಂಗ್ ನೋಡುವ ಕೆಲಸವನ್ನು ಮುಂದಕ್ಕೆ ಹಾಕಿದೆವು. ಆ ಬಗ್ಗೆ ನನ್ನ ಮನಸ್ಸಿನಲ್ಲಿ ಸಣ್ಣ ಅಳುಕು ಈಗಲೂ ಇದೆ.

ಹೊರಡುವಾಗ ಅವರು ಕೊಟ್ಟ ಒಂದು ಎಚ್ಚರಿಕೆ ಎಲ್ಲ ಡೀಸೆಲ್ ಗಾಡಿಯವರಿಗೂ ಸಲ್ಲುತ್ತದೆ. ಮಟ್ಟ ವಿಪರೀತ ಏರಿದ ಎಂಜಿನ್ನಿನಲ್ಲಿ, ಚೇಂಬರಿನ ಆವಿಯನ್ನು ಹೊರಬಿಡುವ ಬ್ರೀದರಿನ ಕೊಳವೆ ಗಾಳಿ ಎಳೆಯುವ ದಾರಿಗೆ ಸೇರಿದ್ದರೆ, ಆಯಿಲೂ ಡೀಸೆಲ್ಲೂ ಬೆರೆತ ಆವಿಯನ್ನೇ ಎಂಜಿನ್ ಉಂಡು ತನ್ನಷ್ಟಕ್ಕೆ ರೇಸ್ ಆಗಿಬಿಡಬಹುದು. ಆಗ ಸ್ಟಾಪ್ ಲಿವರ್ ಎಳೆದರೂ ನಿಲ್ಲದು, ಏಕೆಂದರೆ ಅದು ಉಣ್ಣುತ್ತಿರುವುದು ಪಂಪಿನ ಡೀಸೆಲ್ಲನ್ನಲ್ಲ. ಗಾಳಿಯ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು, ಕೈಯಿಂದ ಎಂದೂ ಮುಚ್ಚಬಾರದು.

ಯಾರು ಇಂಥ ಅಂಗಡಿಗೆ ಹೋಗಬಾರದು ಎಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿರುವ ನನ್ನ ಭಾವಮೈದನ ಬಿಎಸ್-6 ಡೀಸೆಲ್ ಕಾರಿನಲ್ಲೂ ಆಯಿಲ್ ಮಟ್ಟ ಏರುತ್ತಿದೆಯೆಂದು ಹೊಗೆಯ ತೊಂದರೆಗೆ ಮರಳಿ ಹೋದಾಗ ಮೇಸ್ತ್ರಿಗಳಿಗೆ ಹೇಳಿದೆ. ಕಾರನ್ನು ತರಿಸಿ ಎಂದು ಅವರು ಹೇಳಬಹುದಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ, ದಿನಕ್ಕೆ ಎಷ್ಟು ದೂರ ಓಡಿಸುತ್ತಾರೆ ಎಂದು. ಆಫೀಸಿಗೆ ಹೋಗಿಬರಲು ಆರು ಕಿಲೋಮೀಟರ್ ಎಂದೆ. ಅದು ಸೋರುವಿಕೆಯಲ್ಲ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ ಎಂದು ಕೈಮುಗಿದರು. ಆ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ತುಂಬಿದಾಗ ಎಂಜಿನ್ ತಾನೇ ತಡವಾಗಿ ಒಂದಿಷ್ಟು ಹೆಚ್ಚು ಡೀಸೆಲ್ ಚಿಮ್ಮಿಸಿ, ಫಿಲ್ಟರಿನ ಬಿಸಿಯನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸಿ ಮಸಿಯನ್ನು ಸುಡುತ್ತದೆ. ತಡವಾಗಿ ಚಿಮ್ಮಿದ ಡೀಸೆಲ್ಲಿನಲ್ಲಿ ಒಂದು ಪಾಲು ಸಿಲಿಂಡರಿನ ಗೋಡೆಗೆ ತಾಗಿ ಆಯಿಲಿಗೆ ಇಳಿಯುತ್ತದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಸುಡುವ ಕೆಲಸ ಪ್ರತಿ ಸಲವೂ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರುವಾಗುವುದರಿಂದ ಆಯಿಲಿಗೆ ಇಳಿಯುವ ಪಾಲು ಹೆಚ್ಚುತ್ತದೆ. ಅಲ್ಲಿ ಬೇಕಾದದ್ದು ಆಗಾಗ ಹೆದ್ದಾರಿಯಲ್ಲಿ ಅರ್ಧ ತಾಸಿನ ಓಟ, ಅವಧಿಗೆ ಮುಂಚೆ ಆಯಿಲ್ ಬದಲಾವಣೆ, ಮತ್ತು ಕಂಪ್ಯೂಟರ್ ಹಚ್ಚಿ ನೋಡಬಲ್ಲವರು. ಅಂಥ ಕಾರುಗಳ ಕಾಮನ್ ರೈಲ್ ಎಂಬ ಹೊಸ ಬಗೆಯ ಪಂಪುಗಳಿಗೆ ಬೇಕಾದ ಬೆಂಚು ಈ ಅಂಗಡಿಯಲ್ಲಿಲ್ಲ. 2023ರ ಜನವರಿಯಿಂದ 50 ಎಚ್.ಪಿ. ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಬಂದಿರುವುದರಿಂದ ಅಂಥ ದೊಡ್ಡ ಗಾಡಿಗಳೂ ಇನ್ನು ಇವರ ಕೈಗೆ ಕಡಿಮೆ ಸಿಗುತ್ತವೆ. ಅದಕ್ಕಿಂತ ಚಿಕ್ಕ, ಹಳೆಯ ಪಂಪಿನ ಗಾಡಿಗಳು ನಮ್ಮ ಅಚ್ಚುಕಟ್ಟಿನಲ್ಲಿ ಇನ್ನೂ ಬಹುಕಾಲ ಓಡುತ್ತವೆ. ಅವುಗಳಿಗೆ ಈ ಅಂಗಡಿ ತಕ್ಕದ್ದು. ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ; ಸಮಯಪಾಲನೆಗೆ ಒಂದೂವರೆ.

ಪಂಪ್ ಕೂರಿಸಿದ ಮೇಲೆ ಇಂದಿಗೆ 118 ತಾಸು ಓಡಿದೆ, ಅದರಲ್ಲಿ 70 ರೋಟವೇಟರಿನವು. ಪ್ರತಿ ಸೋಮವಾರ ಬೆಳಗ್ಗೆ ಷೆಡ್ಡಿನ ಸಿಮೆಂಟ್ ನೆಲದ ಮೇಲೆ ಗಾಡಿ ನಿಂತಿರುವಾಗಲೇ ಡಿಪ್‌ಸ್ಟಿಕ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೇನೆ. ಮಟ್ಟ ಮೇಲಿನ ಗೆರೆಯಿಂದ ಅರ್ಧ ನೂಲು ಇಳಿದಿದೆ. 12 ವರ್ಷದ ಎಂಜಿನ್ ತಿನ್ನಬೇಕಾದಷ್ಟು ಆಯಿಲನ್ನು ಈಗ ತಿನ್ನುತ್ತಿದೆ. ಮೇಲೆ ಹಾಕಲು ಒಂದು ಲೀಟರಿನ ಡಬ್ಬಿಯನ್ನು ನಿನ್ನೆ ಸಂತೆಯಿಂದ ಬರುವಾಗ ತಂದಿಟ್ಟಿದ್ದೇನೆ.